ಅಪರಾಧ ಸ್ಥಳವನ್ನು ಸಾರಿಸದಿರುವ ಬಗ್ಗೆ

ವಿಶ್ವವಿದ್ಯಾಲಯದ ವಿಧಿವಿಜ್ಞಾನ ವಿಭಾಗ
ಕ್ಷೇತ್ರ ತರಬೇತಿ ಶಾಖೆ

ಸಂಖ್ಯೆ: ವಿ.ವಿ/ಕ್ಷೇ.ತ/ಸಾರಣೆ/07/2025-26
ದಿನಾಂಕ: ಬುಧವಾರ, ಮಧ್ಯಾಹ್ನದ ಊಟದ ನಂತರ

ಸುತ್ತೋಲೆ

ವಿಷಯ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ವಿದ್ಯಾರ್ಥಿಗಳ ಪ್ರಾಯೋಗಿಕ ಕಲಿಕೆಗಾಗಿ ಏರ್ಪಡಿಸುವ ಕೃತಕ ಅಪರಾಧ ಸ್ಥಳಗಳನ್ನು ಸ್ವಚ್ಛಗೊಳಿಸದಿರುವ ಕುರಿತು.

ಉಲ್ಲೇಖ: 1) ತೆಂಗಿನಕೊಪ್ಪಲಿನಲ್ಲಿ ನಡೆದ ಪ್ರಾಯೋಗಿಕ ಪರೀಕ್ಷೆ.
2) ಸದರಿ ಪರೀಕ್ಷೆಯಲ್ಲಿ ಸೊನ್ನೆ ಪಡೆದ ಕುಮಾರಿ ರಮ್ಯ ಅವರ ಮನವಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಅಂತಿಮ ವರ್ಷದ ಹದಿಮೂರು ವಿದ್ಯಾರ್ಥಿಗಳಿಗಾಗಿ ಕಿಕ್ಕೇರಿ ಹೋಬಳಿಯ ತೆಂಗಿನಕೊಪ್ಪಲಿನಲ್ಲಿ, ಶ್ರೀಮತಿ ದ್ಯಾವಮ್ಮ ಅವರು ಪ್ರೀತಿಯಿಂದ ಬಿಟ್ಟುಕೊಟ್ಟ ಮನೆಯಂಗಳದಲ್ಲಿ ಒಂದು ಕೊಲೆಯನ್ನು ಏರ್ಪಡಿಸಲಾಗಿತ್ತು. ವಿಭಾಗದ ಅಟೆಂಡರ್ ಶ್ರೀ ಚಲುವರಾಜು ಅವರು ಹಿಂದಿನ ಸಂಜೆಯೇ ಹುಲ್ಲು ತುಂಬಿದ ಬೊಂಬೆಯೊಂದನ್ನು ಮೃತದೇಹವಾಗಿ ಮಲಗಿಸಿ, ಕೆಂಪು ಬಣ್ಣ ಚೆಲ್ಲಿ, ತಮ್ಮದೇ ಚಪ್ಪಲಿಯ ಗುರುತು ಮೂಡಿಸಿ, ಬೆರಳಚ್ಚಿರುವ ಒಂದು ಲೋಟ ಮತ್ತು ಒಂದು ಮಚ್ಚನ್ನು ಇಟ್ಟು ಬಂದಿದ್ದರು. ಬೆಳಿಗ್ಗೆ ವಿದ್ಯಾರ್ಥಿಗಳು ತಲುಪುವಷ್ಟರಲ್ಲಿ ಅಂಗಳವನ್ನು ಗುಡಿಸಿ, ಸಗಣಿಯಿಂದ ಸಾರಿಸಿ, ರಂಗೋಲೆ ಹಾಕಲಾಗಿತ್ತು. ಮಚ್ಚಿನಿಂದ ಎಳನೀರು ಕೆತ್ತಲಾಗುತ್ತಿತ್ತು. ಲೋಟವನ್ನು ಹುಣಸೆಹಣ್ಣು ಹಾಕಿ ಬೆಳಗಿ, ಅದರಲ್ಲಿ ಬಾಹ್ಯ ಪರೀಕ್ಷಕರಿಗೆ ಮಜ್ಜಿಗೆ ಕೊಡಲಾಯಿತು. ಮೃತದೇಹವನ್ನು ಕೊಟ್ಟಿಗೆಯ ಪಕ್ಕಕ್ಕೆ ಎತ್ತಿಟ್ಟಿದ್ದು, ಸೊಂಟದವರೆಗೆ ಸೀಮೆಹಸು ತಿಂದಿರುವುದು ಕಂಡುಬಂದಿದೆ.

ಈ ಬಗ್ಗೆ ದ್ಯಾವಮ್ಮ ಅವರಿಂದ ಪಡೆದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

“ಅಲ್ಲ ಕಣಪ್ಪ, ಓದೋ ಮಕ್ಳು ಮನೆಗೆ ಬತ್ತಾವ್ರೆ ಅಂದ್ರೆ ಬಾಗ್ಲು ಸಾರಿಸ್ದೆ ಅಂಗೇ ಬುಡಕ್ಕಾಯ್ತದಾ? ರಕ್ತ ತುಳ್ಕಂಡು ಒಳಕ್ಕೆ ಬರ್ಲಾ ಅವು? ನೋಡ್ದೋರು ಏನಂದಾರು ನನ್ನ?”

ಸದರಿ ಹೇಳಿಕೆಯನ್ನು ವಿಭಾಗವು ಗೌರವಪೂರ್ವಕವಾಗಿ ಸ್ವೀಕರಿಸಿದೆ. ಆದಾಗ್ಯೂ, ಇಂತಹ ಆತಿಥ್ಯ ಮರುಕಳಿಸದಂತೆ ನಾಲ್ಕೂ ತಾಲ್ಲೂಕುಗಳ ಸಾರ್ವಜನಿಕರು ಹಾಗೂ ವಿದ್ಯಾರ್ಥಿಗಳು ಕೆಳಕಂಡ ಸೂಚನೆಗಳನ್ನು ಪಾಲಿಸತಕ್ಕದ್ದು.

1. ಕೃತಕ ಅಪರಾಧ ಸ್ಥಳವನ್ನು ಪರೀಕ್ಷೆ ಮುಗಿಯುವವರೆಗೆ ಗುಡಿಸುವುದು, ತೊಳೆಯುವುದು, ಸಾರಿಸುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಸಾರಿಸದಿದ್ದರೆ ಕೈಕಾಲು ಆಡುವುದಿಲ್ಲ ಎನ್ನುವವರು ಪಕ್ಕದ ಮನೆಯ ಅಂಗಳವನ್ನು ಸಾರಿಸಬಹುದು.

2. ರಂಗೋಲೆ ಅನಿವಾರ್ಯವಾದಲ್ಲಿ ಮೃತದೇಹದ ಸುತ್ತ ಎಳೆದ ಸುಣ್ಣದ ಗೆರೆಯ ಹೊರಗೆ ಹಾಕತಕ್ಕದ್ದು. ಸುಣ್ಣದ ಗೆರೆಗೆ ಎಳೆ ಸೇರಿಸಿ ಬಳ್ಳಿ ಮಾಡುವಂತಿಲ್ಲ. ಮಧ್ಯೆ ಅರಿಶಿನ ಕುಂಕುಮ ತುಂಬುವಂತಿಲ್ಲ.

3. ಮೃತದೇಹವು ಮೇವಲ್ಲ. ಸೀಮೆಹಸು, ಎಮ್ಮೆ ಮತ್ತು ಕರುಗಳಿಗೆ ಈ ಅಂಶವನ್ನು ಮಾಲೀಕರು ಮನವರಿಕೆ ಮಾಡಿಕೊಡತಕ್ಕದ್ದು.

4. ಪಾಂಡವಪುರ ತಾಲ್ಲೂಕಿನಲ್ಲಿ ಕಬ್ಬಿನ ಗದ್ದೆಯೊಳಗೆ ಸ್ಥಳ ಗುರುತಿಸುವ ಮುನ್ನ ಕಟಾವಿನ ದಿನವನ್ನು ವಿಚಾರಿಸತಕ್ಕದ್ದು. ಅಪರಾಧ ಸ್ಥಳವು ಟ್ರಾಕ್ಟರಿನಲ್ಲಿ ಕಾರ್ಖಾನೆಗೆ ಹೋದಲ್ಲಿ ವಿದ್ಯಾರ್ಥಿಗಳು ಹಿಂದೆ ಓಡುವಂತಿಲ್ಲ.

5. ಶ್ರೀರಂಗಪಟ್ಟಣದ ಸಂಗಮದ ಬಳಿ ಬೊಂಬೆಯನ್ನು ಮಲಗಿಸಿದಾಗ ಯಾರಾದರೂ ಬಂದು ಗೋತ್ರ, ನಕ್ಷತ್ರ ವಿಚಾರಿಸಿದಲ್ಲಿ “ತನಿಖೆ ಪ್ರಗತಿಯಲ್ಲಿದೆ” ಎಂದಷ್ಟೇ ಉತ್ತರಿಸತಕ್ಕದ್ದು.

6. ನಾಗಮಂಗಲ ತಾಲ್ಲೂಕಿನಲ್ಲಿ ಪಂಚನಾಮೆಗೆ ಇಬ್ಬರು ಪಂಚರು ಸಾಕು. ಊರಿನವರೆಲ್ಲ ಸಹಿ ಹಾಕಲು ಸಾಲುಗಟ್ಟುವ ಅಗತ್ಯವಿಲ್ಲ. ಸಹಿ ಸಿಗದವರು ಬೇಸರಿಸಿಕೊಳ್ಳಬಾರದಾಗಿ ಕೋರಿದೆ. ಮುಂದಿನ ಕೊಲೆಯಲ್ಲಿ ಅವರಿಗೆ ಆದ್ಯತೆ ನೀಡಲಾಗುವುದು.

7. ಕೊಲೆಗಾರ ಯಾರೆಂಬುದನ್ನು ವಿದ್ಯಾರ್ಥಿಗಳಿಗೆ ಪಿಸುಗುಟ್ಟಬಾರದು. “ಪಾಪ, ಬಿಸಿಲಲ್ಲಿ ಹುಡುಕುತ್ತಿವೆ” ಎಂಬ ಕಾರಣವನ್ನು ಪರಿಗಣಿಸಲಾಗುವುದಿಲ್ಲ.

8. ಈಗ ಉಲ್ಲೇಖ (2)ರ ಬಗ್ಗೆ. ಹದಿಮೂರು ವಿದ್ಯಾರ್ಥಿಗಳ ಪೈಕಿ ಹನ್ನೆರಡು ಮಂದಿ ರಕ್ತದ ಕಲೆ, ಚಪ್ಪಲಿ ಗುರುತು ಮತ್ತು ಲೋಟದ ಮೇಲಿನ ಬೆರಳಚ್ಚನ್ನು ಸ್ಥಳದಲ್ಲಿ ಪತ್ತೆ ಮಾಡಿರುವುದಾಗಿ, ಪ್ರಯೋಗ ಪುಸ್ತಕದಲ್ಲಿರುವಂತೆಯೇ ಅಂದವಾಗಿ ಬರೆದು ನಲವತ್ತಕ್ಕೆ ಮೂವತ್ತೈದರ ಮೇಲೆ ಅಂಕ ಪಡೆದಿರುತ್ತಾರೆ. ಅವರು ಬೆರಳಚ್ಚು ಪತ್ತೆ ಮಾಡಿದ ಸಮಯದಲ್ಲಿ ಸದರಿ ಲೋಟವು ಪರೀಕ್ಷಕರ ಬಾಯಲ್ಲಿತ್ತು.

ಹೊಸಹೊಳಲು ಕಡೆಯವರಾದ ರಮ್ಯ ಒಬ್ಬರೇ ಸ್ಥಳದಲ್ಲಿ ಇದ್ದದ್ದನ್ನು ಬರೆದಿರುತ್ತಾರೆ. ಸಾರಣೆಯ ಗೀರುಗಳು ಕಮಾನಿನಂತೆ ಎಡದಿಂದ ಬಲಕ್ಕೆ ತಿರುಗಿವೆ, ಸಾರಿಸಿದವರು ಎಡಗೈಯವರು. ಪ್ರತಿ ಕಮಾನಿನಲ್ಲೂ ಮೂರೇ ಗೀರು, ಒಂದು ಬೆರಳು ಮಡಚುವುದಿಲ್ಲ. ಗೀರುಗಳು ಹಿಂದೆ ಸರಿಯುತ್ತಾ ಹೊಸ್ತಿಲಲ್ಲಿ ಮುಗಿದಿವೆ, ಮನೆಯವರೇ. ರೊಟ್ಟಿ ಬಡಿಸುವಾಗ ದ್ಯಾವಮ್ಮ ಅವರ ಎಡಗೈಯಲ್ಲಿ ಹಿಂದೆಂದೋ ಕುಡುಗೋಲು ತಾಗಿ ಸೆಟೆದ ಬೆರಳನ್ನು ನೋಡಿ, “ಸಾಕ್ಷ್ಯ ನಾಶಪಡಿಸಿದವರು: ದ್ಯಾವಮ್ಮ” ಎಂದು ವರದಿ ಮುಗಿಸಿರುತ್ತಾರೆ. ಉತ್ತರ ಮಾದರಿಯಲ್ಲಿ ಇದು ಇಲ್ಲವಾದ್ದರಿಂದ ಸೊನ್ನೆ ನೀಡಲಾಗಿತ್ತು. ಇದರಿಂದ, ಪ್ರಯೋಗಾಲಯದ ಎರಡು ತಿಂಗಳ ತರಬೇತಿಗೆ ಇರುವ ಒಂದೇ ಒಂದು ಸ್ಥಾನ ಅವರ ಕೈತಪ್ಪುವಂತಾಗಿತ್ತು. ವಿಚಾರಣೆಯಲ್ಲಿ ಅವರು ಹೇಳಿದ್ದು ಇಷ್ಟು: “ಇದ್ದಿದ್ದ ಬರ್ದಿವ್ನಿ ಸಾರ್. ಇಲ್ದೇ ಇರೋದ ಎಂಗೆ ಬರೀಲಿ?”

9. ಸೊನ್ನೆಯ ಪಟ್ಟಿಗೆ ಸಹಿ ಮಾಡಿದವರಲ್ಲಿ ಕೆಳಗೆ ಸಹಿ ಮಾಡಿರುವವರೂ ಒಬ್ಬರು. ಆ ಬಗ್ಗೆ ಅವರಿಗೆ ನಾಚಿಕೆಯಾಗಿದೆ ಎಂಬುದನ್ನು ಕಡತಕ್ಕೆ ತರಲಾಗಿದೆ. ಸದರಿ ಸೊನ್ನೆಯನ್ನು ಈ ಮೂಲಕ ರದ್ದುಪಡಿಸಲಾಗಿದ್ದು, ಹೊಸ ಅಂಕವನ್ನು ಪ್ರತ್ಯೇಕವಾಗಿ ತಿಳಿಸಲಾಗುವುದು.

10. ಉಳಿದ ಹನ್ನೆರಡು ಮಂದಿಗೆ ಅದೇ ಅಂಗಳದಲ್ಲಿ ಬರುವ ಸೋಮವಾರ ಮರುಪರೀಕ್ಷೆ ನಡೆಸಲಾಗುವುದು. ಪ್ರಯೋಗ ಪುಸ್ತಕ ತರುವಂತಿಲ್ಲ. ಕಣ್ಣು ತರತಕ್ಕದ್ದು. ಮರುಪರೀಕ್ಷೆಯ ದಿನ ದ್ಯಾವಮ್ಮ ಅವರಿಗೆ ಯಾವ ಕಾರಣಕ್ಕೂ ತಿಳಿಯಬಾರದು.

(ಸಹಿ)
ರಘುನಂದನ್
ಸಂಯೋಜಕರು, ಕ್ಷೇತ್ರ ತರಬೇತಿ ಶಾಖೆ

ಪ್ರತಿಗಳು:

1. ಬಾಹ್ಯ ಪರೀಕ್ಷಕರಿಗೆ. ಇನ್ನು ಮುಂದೆ ಸಾಕ್ಷ್ಯದಲ್ಲಿ ಮಜ್ಜಿಗೆ ಕುಡಿಯಬಾರದಾಗಿ ವಿನಂತಿ.

2. ಹನ್ನೆರಡು ವಿದ್ಯಾರ್ಥಿಗಳಿಗೆ. ಒಂದೊಂದು ಪ್ರತಿ, ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದುಕೊಳ್ಳುವಂತಿಲ್ಲ.

3. ಸೀಮೆಹಸುವಿನ ಮಾಲೀಕರಿಗೆ. ಕಂಡಿಕೆ 3ರ ಅನುಷ್ಠಾನಕ್ಕಾಗಿ.

4. ಶ್ರೀ ಚಲುವರಾಜು, ಅಟೆಂಡರ್. ಹೊಸ ಮೃತದೇಹ ಸಿದ್ಧಪಡಿಸುವ ಸಲುವಾಗಿ.

5. ಶ್ರೀಮತಿ ದ್ಯಾವಮ್ಮ, ತೆಂಗಿನಕೊಪ್ಪಲು. ಕಂಡಿಕೆ 10ನ್ನು ಕಾಗದ ಅಂಟಿಸಿ ಮುಚ್ಚಿದ ಪ್ರತಿ.

ಟಿಪ್ಪಣಿ: ಕ್ರಮಾಂಕ 5ರ ಪ್ರತಿಯನ್ನು ತಲುಪಿಸಲು ಹೋದ ಚಲುವರಾಜು ಅವರು, ಬೊಂಬೆಗಾಗಿ ಭಾನುವಾರ ಸಂಜೆಗೆ ಎರಡು ಹೊರೆ ಹುಲ್ಲು ಬೇಕೆಂದು ದ್ಯಾವಮ್ಮ ಅವರನ್ನೇ ಕೇಳಿರುತ್ತಾರೆ. ಅಂಟಿಸಿದ ಕಾಗದವನ್ನು ಮುಟ್ಟದೆಯೇ ಅವರು ನೀಡಿದ ಹೇಳಿಕೆ: “ಅಂಗಾದ್ರೆ ಸ್ವಾಮಾರ ಬತ್ತಾವೆ ಮಕ್ಳು. ಒತ್ತಾರೇನೇ ಸಾರ್ಸಿರ್ತೀನಿ ಬುಡು. ಅದಿರ್ಲಿ, ನನ್ ಬೆರಳ ಕಂಡಿಡಿದ್ಳಲ್ಲ, ಆ ಮಗೀಗೆ ನಂಬರು ಕೊಟ್ರಾ ಇಲ್ವಾ?”

ಕೊಡಲಾಗಿದೆ, ನಲವತ್ತಕ್ಕೆ ನಲವತ್ತು, ತರಬೇತಿಯ ಸ್ಥಾನವೂ ಅವರದೇ ಎಂದು ದ್ಯಾವಮ್ಮ ಅವರಿಗೆ ಈ ಮೂಲಕ ತಿಳಿಸಲಾಗಿದೆ.