ತುಪ್ಪ ಬಿಟ್ಟ ಭಟ್ಟರ ಲಿವರ್

ಸಾಗರದಲ್ಲಿ ಸ್ಕ್ಯಾನಿಂಗ್ ಡಾಕ್ಟರಾಗಿ ಕೂತವಳು ನಗೋಕೆ ಬೇರೆ ಕಡೆ ಹೋಗಬೇಕಿಲ್ಲ. ಹೊಸನಗರದ ಕಡೆಯ ಅಡುಗೆ ಭಟ್ಟರೊಬ್ಬರಂತೂ ವರ್ಷಕ್ಕಾಗುವಷ್ಟು ನಗಿಸಿ ಹೋದರು.

೧. ಖಾಲಿ ಹೊಟ್ಟೆ

"ಬೆಳಿಗ್ಗೆ ಏನೂ ತಿನ್ನದೆ ಬನ್ನಿ" ಅಂದಿದ್ದೆ. ಜೆಲ್ ಹಚ್ಚಿ ನೋಡಿದರೆ ಹೊಟ್ಟೆ ಭರ್ತಿ!

"ಭಟ್ರೇ, ತಿಂದ್ಕೊಂಡು ಬಂದ್ರಾ?"

"ಛೆ ಛೆ! ಅನ್ನ ಮುಟ್ಟಿಲ್ಲ. ಏಕಾದಶಿ ಥರಾನೇ, ಬರೀ ಅವಲಕ್ಕಿ, ಬಾಳೆಹಣ್ಣು, ಒಂದು ಲೋಟ ಹಾಲು. ಉಪ್ಪಿಟ್ಟು ಕೂಡ ಬಿಟ್ಟೆ ಮೇಡಂ. ಕಟ್ಟುನಿಟ್ಟು ಅಂದ್ರೆ ಕಟ್ಟುನಿಟ್ಟು."

೨. ಒಲೆ

ಮಾರನೇ ದಿನ ನಿಜವಾಗಿ ಹಸಿದು ಬಂದರು. ಲಿವರ್ ತುಂಬ ಕೊಬ್ಬು. ಜೊತೆಗೆ ಬಂದಿದ್ದ ಹೆಂಡತಿ ಅಲ್ಲೇ ತೀರ್ಪು ಕೊಟ್ಟರು: "ಇದು ಇಳಿಯದಿದ್ರೆ ನಿಮ್ಮ ತಂಗಿ ಮಗಳ ಮದುವೆ ಅಡುಗೆ ನಿಮಗಿಲ್ಲ. ತೀರ್ಥಹಳ್ಳಿ ಅಡುಗೆಯವರಿಗೆ ವಹಿಸು ಅಂತ ನಾದಿನಿಗೆ ನಾನೇ ಹೇಳ್ತೀನಿ."

ಭಟ್ಟರ ಮುಖ ಸಪ್ಪಗಾಯ್ತು. ಎತ್ತಿ ಆಡಿಸಿದ ಹುಡುಗಿ ಮದುವೆಗೆ ಬೇರೆಯವರ ಸೌಟು! ನನಗೂ ಪಾಪ ಅನ್ನಿಸಿತು. ಸಮಾಧಾನವಾಗಿ ವಿವರಿಸಿದೆ.

"ಲಿವರಿನ ಕೋಶದೊಳಗೆ ಮೈಟೊಕಾಂಡ್ರಿಯ ಅಂತ ಸಣ್ಣ ಸಣ್ಣ ಒಲೆಗಳಿವೆ. ಬಂದ ಕೊಬ್ಬನ್ನ ಅವು ಉರಿಸ್ತವೆ. ಮಿತಿ ಮೀರಿದ್ರೆ ಹೊಗೆ ಎದ್ದು ಕೋಶಕ್ಕೇ ಪೆಟ್ಟು. ಉರಿಯದೆ ಉಳಿದದ್ದು ಹನಿಹನಿಯಾಗಿ ಅಲ್ಲೇ ಕೂರುತ್ತೆ. ಅದಕ್ಕೇ ತುಪ್ಪ, ಸಿಹಿ, ಕರಿದದ್ದು ಬಿಡಿ."

ಭಟ್ಟರು ಯೋಚಿಸಿ ಅಂದರು: "ಜನ ಜಾಸ್ತಿಯಾದ್ರೆ ನಾವು ಇನ್ನೆರಡು ಒಲೆ ಹೂಡ್ತೀವಪ್ಪ. ಹಾಗೇ ಹೂಡಿಸಿ. ತುಪ್ಪ ಯಾಕೆ ಬಿಡ್ಬೇಕು?"

೩. ವಾಕಿಂಗ್

ದಿನಾ ನಡೆಯಿರಿ ಅಂತ ಕಳಿಸಿದೆ. ತಿಂಗಳ ಮೇಲೆ ಬಂದರೆ ತೂಕ ಏರಿದೆ!

"ನಡೀತಿದ್ದೀರಾ?"

"ಊರು ಪೂರ್ತಿ. ಆದ್ರೆ ದಾರೀಲಿ ಮನೆಗಳಿವೆಯಲ್ಲ ಮೇಡಂ! ಎಲ್ಲರೂ ಒಳಗೆ ಕರೀತಾರೆ. ಏನೂ ಬಾಯಿಗೆ ಹಾಕದೆ ಎದ್ರೆ ಬೇಜಾರು ಮಾಡ್ಕೋತಾರೆ."

"ಡಾಕ್ಟ್ರು ಬೇಡ ಅಂದಿದ್ದಾರೆ ಅನ್ನಬೇಕು."

"ಅಂದೆ. 'ಡಾಕ್ಟ್ರಿಗೆ ನಾವು ಹೇಳಲ್ಲ, ನೀವು ತಿನ್ನಿ' ಅಂದ್ರು."

೪. ಹರಕೆ

ಮದುವೆ ಹತ್ತಿರ ಬಂತು. ಕೊನೆಯ ಸ್ಕ್ಯಾನ್. ಪರದೆ ನೋಡಿ ನನಗೇ ನಂಬಿಕೆ ಬರಲಿಲ್ಲ, ಕೊಬ್ಬು ಚೆನ್ನಾಗಿ ಇಳಿದಿತ್ತು. "ಹಾಗಾದ್ರೆ ಅಡುಗೆ ನಂದೇ!" ಅಂತ ಭಟ್ಟರು ಜೆಲ್ ಸಮೇತ ಎದ್ದು ಕೂತರು. ಹೆಂಡತಿ ಕಣ್ಣೊರೆಸಿಕೊಂಡರು. ನನಗಂತೂ ಹಾಲು ಕುಡಿದಷ್ಟು ಸಂತೋಷ.

"ಹೇಗೆ ಸಾಧಿಸಿದ್ರಿ?"

"ಡಾಕ್ಟ್ರ ಮಾತಿಗೆ ಊರಲ್ಲಿ ಬೆಲೆ ಇಲ್ಲ ಮೇಡಂ. ಮದುವೆ ತನಕ ತುಪ್ಪ, ಸಿಹಿ, ಕರಿದದ್ದು ಮುಟ್ಟಲ್ಲ ಅಂತ ಸಿಗಂದೂರು ದೇವಿಗೆ ಹರಕೆ ಹೊತ್ತೆ. ಆಮೇಲೆ ಒಬ್ಬರಾದ್ರೂ ಒತ್ತಾಯ ಮಾಡ್ಬೇಕಲ್ಲ!"

ಮದುವೆ ಊಟ ಸೊಗಸಾಗಿತ್ತು. ಮುಂದಿನ ವಾರ ಭಟ್ಟರ ಬೀದಿಯವರು ಒಂದಷ್ಟು ಜನ ಬಂದು ಸಾಲಾಗಿ ಕೂತರು. ಹಿರಿಯರೊಬ್ಬರು ಹೊಟ್ಟೆ ಸವರಿಕೊಳ್ತಾ, "ಭಟ್ಟರಿಗೆ ಕೊಟ್ಟ ಹರಕೆ ನಮಗೂ ಬರ್ಕೊಡಿ" ಅಂದರು.

"ಅದು ನಾನು ಬರೆಯೋದಲ್ಲ ಯಜಮಾನ್ರೇ, ನೀವೇ ಹೊರಬೇಕು."

"ಹೊರ್ತೀವಿ, ಅದಕ್ಕೇನಂತೆ. ಊಟಕ್ಕೆ ಮುಂಚೆಯೋ, ಊಟ ಆದ್ಮೇಲೋ?"