ನಾನು ಕಪ್ಪೆಗಳ ಬಾಯಿ ಕಟ್ಟಿಸಿದ್ದು

ಒಂದು ತಂತ್ರಾಂಶ ಹಾಕುವುದು ಏನು ಮಹಾ! ಇಪ್ಪತ್ತೆರಡು ವರ್ಷ ಕಚೇರಿಯಲ್ಲಿ ಹಳೇ ಕಡತಗಳನ್ನು ವಿಲೇವಾರಿ ಮಾಡಿ ಹೊಸದಕ್ಕೆ ಜಾಗ ಮಾಡಿಕೊಟ್ಟ ವೀರ ನಾನು. ಆ ಶನಿವಾರ ಬೆಳಿಗ್ಗೆ ಹೆಂಡತಿಯ ಮುಂದೆ ಎದೆಯುಬ್ಬಿಸಿ ಘೋಷಿಸಿದೆ: "ನೀನು ಕಾಲೇಜಿಂದ ಬರೋ ಹೊತ್ತಿಗೆ ಎಲ್ಲಾ ಹಾಕಿ ಇಟ್ಟಿರ್ತೀನಿ!"

ನನ್ನವಳು ಕಪ್ಪೆಗಳ ಕೂಗಿನ ಮೇಲೆ ಸಂಶೋಧನೆ ಮಾಡುವವಳು. ನಾಲ್ಕು ವರ್ಷ ಕೆರೆ, ಚರಂಡಿ ಎನ್ನದೆ ತಿರುಗಿ ಬರೆದ ಲೇಖನಕ್ಕೆ ಸಂಪಾದಕರು ಇನ್ನೊಂದೇ ಒಂದು ನಕ್ಷೆ ಕೇಳಿದ್ದರು. ಅಂದು ಸಂಜೆ ಐದರೊಳಗೆ ಕಳಿಸದಿದ್ದರೆ ಲೇಖನ ವಾಪಸ್! ಹಳೇ ತಂತ್ರಾಂಶ ಅಳೆದ ಕೂಗುಗಳಿಂದ ಆ ನಕ್ಷೆ ಬಿಡಿಸಲು ಹೊಸದೊಂದು ತಂತ್ರಾಂಶ ಬೇಕಿತ್ತು.

"ದಯವಿಟ್ಟು ಮುಟ್ಟಬೇಡಿ. ನಾನೇ ಬಂದು ಮಾಡ್ತೀನಿ. ಸೋಪು ಮುಗಿದಿದೆ, ಅದನ್ನ ತಂದಿಡಿ ಸಾಕು" ಎಂದಳು.

ಸೋಪು! ಎಂಥ ಅವಮಾನ! ಇವಳು ಕಂಪ್ಯೂಟರಿಗೆ ಏನಾದರೂ ಹಾಕುವ ದಿನವೇ ನಮ್ಮ ಮನೆಯಲ್ಲಿ ಸೋಪು ಮುಗಿಯುತ್ತದೆ. ಅದೇನು ಗ್ರಹಚಾರವೋ! ಅವಳು ಬೀದಿಯ ತಿರುವು ದಾಟಿದ್ದೇ ತಡ, ಕುರ್ಚಿ ಎಳೆದು ಕೂತೆ.

ಹೊಸ ತಂತ್ರಾಂಶ ಮೊದಲಿಗೇ ತಕರಾರು ತೆಗೆಯಿತು. ಲೆಕ್ಕಾಚಾರದ ಸಲಕರಣೆಗಳ ಒಂದು ಕಟ್ಟು ಇರುತ್ತದಂತೆ, ಅದಕ್ಕೆ ಲೈಬ್ರರಿ ಎನ್ನುತ್ತಾರೆ. ಅದರ ಎರಡನೇ ಆವೃತ್ತಿಯೇ ಬೇಕಂತೆ. ನಮ್ಮಲ್ಲಿದ್ದದ್ದು ಒಂದನೆಯದು. ಕೊಟ್ಟರಾಯಿತು! ಎರಡನೆಯದನ್ನು ಅಂತರ್ಜಾಲದಿಂದ ತರಿಸಿದೆ. ಒಂದೇ ಹೆಸರಿನವು ಎರಡು ಯಾಕೆ? ಹಳೆಯದನ್ನು ಶಾಸ್ತ್ರೋಕ್ತವಾಗಿ ವಿಲೇವಾರಿ ಮಾಡಿದೆ. ಕೈ ಒರೆಸಿಕೊಂಡೆ.

ಹೇಗಿದೆ ನೋಡೋಣವೆಂದು ಕೂಗು ಅಳೆಯುವ ಅವಳ ಹಳೇ ತಂತ್ರಾಂಶ ತೆರೆದರೆ, ಪರದೆ ತುಂಬ ಕೆಂಪಕ್ಷರ! ಅದಕ್ಕೆ ಒಂದನೆಯದೇ ಬೇಕು. ಗಡಬಡಿಸಿ ಒಂದನೆಯದನ್ನು ಮತ್ತೆ ತರಿಸಿದೆ. "ಈ ಒಂದಲ್ಲ" ಎಂದಿತು. ಒಂದರಲ್ಲೇ ಒಂಬತ್ತು ಬಗೆಯಿದ್ದವು! ಒಂದೊಂದೇ ಹಾಕುತ್ತ ಹೋದೆ. ಅಷ್ಟರಲ್ಲಿ ಹೊಸದೂ ಮುನಿಸಿಕೊಂಡಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎರಡು ಗಂಟೆಯ ಹೊತ್ತಿಗೆ ಗಡಿಯಾರವೊಂದು ಬಿಟ್ಟು ಆ ಪರದೆಯಲ್ಲಿ ಯಾವುದೂ ಓಡುತ್ತಿರಲಿಲ್ಲ.

ಅವಳು ಬಂದಳು. ಚಪ್ಪಲಿ ಬಿಡುವ ಮೊದಲೇ ನನ್ನ ಮುಖ ನೋಡಿದಳು.

"ಕಪ್ಪೆಗಳು ಹೇಗಿವೆ?"

"ಅವಕ್ಕೆ... ಸ್ವಲ್ಪ ಗಂಟಲು ಕಟ್ಟಿದೆ."

"ಏನು ಮಾಡಿದ್ರಿ?"

"ಹಳೇ ಲೈಬ್ರರಿ... ವಿಲೇವಾರಿ."

ಅವಳ ಮುಖ ಬಿಳಿಚಿತು. ನಾಲ್ಕು ವರ್ಷ! ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ತನ್ನ ಕಪಾಟಿನಿಂದ ಒಂದು ನೀಲಿ ನೋಟ್‌ಬುಕ್ ತೆಗೆದಳು. ಹರಿದ ರಟ್ಟಿನ ಆ ಪುಸ್ತಕವನ್ನು ನಾನು ಎರಡು ಸಲ ರದ್ದಿಗೆ ಹಾಕಿದ್ದೆ. ಎರಡು ಸಲವೂ ಅವಳು ಹೆಕ್ಕಿ ತಂದಿದ್ದಳು. ಅದರಲ್ಲಿ ಯಾವ ತಂತ್ರಾಂಶಕ್ಕೆ ಯಾವ ಲೈಬ್ರರಿ, ಎಷ್ಟನೇ ಆವೃತ್ತಿ ಎಂದು ಪೆನ್ಸಿಲಿನಲ್ಲಿ ಬರೆದಿತ್ತು.

"ಆವೃತ್ತಿ ಒಂದು, ನಾಲ್ಕು, ಎರಡು. ಹಳೆಯದಕ್ಕೆ ಇದೊಂದೇ ಆಗೋದು" ಎಂದು ಕೀಲಿಮಣೆ ಎಳೆದುಕೊಂಡಳು. "ಇಬ್ಬರು ವಾರಗಿತ್ತಿಯರು ಒಂದೇ ಅಡುಗೆಮನೇಲಿ ಕಿತ್ತಾಡಿದ್ರೆ ಒಬ್ಬಳನ್ನ ಮನೆಯಿಂದಲೇ ಓಡಿಸ್ತಾರೇನ್ರೀ? ಇಬ್ಬರಿಗೂ ಬೇರೆ ಬೇರೆ ಒಲೆ ಹಾಕಿಕೊಡಬೇಕು."

ಹಾಗೇ ಮಾಡಿದಳು. ಕಂಪ್ಯೂಟರಿನೊಳಗೆ ಎರಡು ಪ್ರತ್ಯೇಕ ಕೋಣೆ. ಹಳೆಯದಕ್ಕೆ ಹಳೇ ಲೈಬ್ರರಿ, ಹೊಸದಕ್ಕೆ ಹೊಸದು. ನಾಲ್ಕೂವರೆಗೆ ಮೊದಲ ಕಪ್ಪೆ "ವಟರ್" ಎಂದಿತು. ಆಹಾ! ಅಂಥ ಸಂಗೀತವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ! ಐದಕ್ಕೆ ಏಳು ನಿಮಿಷ ಇರುವಾಗ ನಕ್ಷೆ ಸಂಪಾದಕರಿಗೆ ಹೋಯಿತು. ನನ್ನ ಕಣ್ಣು ಒದ್ದೆಯಾಯಿತು. ಹಳೆಯದನ್ನು ಎಸೆಯದೆ ಬರೆದಿಟ್ಟುಕೊಳ್ಳುವವಳು ನನಗೆ ಹೆಂಡತಿಯಾಗಿ ಸಿಕ್ಕಳಲ್ಲ, ಅದು ನನ್ನ ಪುಣ್ಯ. ಅದನ್ನು ಅವಳಿಗೆ ಬಾಯಿಬಿಟ್ಟು ಹೇಳಿಯೂ ಬಿಟ್ಟೆ.

"ಸರಿ ಸರಿ, ಪುಸ್ತಕ ಎತ್ತಿಡಿ. ಕಪಾಟಿಗೆ, ರದ್ದಿಗಲ್ಲ!" ಎಂದು ನಕ್ಕಳು.

ಭಕ್ತಿಯಿಂದ ಎತ್ತಿಕೊಂಡು ಮೊದಲ ಪುಟ ತೆರೆದೆ. ಕೆಂಪು ಶಾಯಿಯಲ್ಲಿ ಬರೆದಿತ್ತು: "ಯಾವ ತಂತ್ರಾಂಶ ಹಾಕುವುದಿದ್ದರೂ ಮೊದಲು ಇವರನ್ನು ಸೋಪು ತರಲು ಕಳಿಸುವುದು."

ಕಪಾಟಿನೊಳಗೆ ಇಣುಕಿದೆ. ಪುಸ್ತಕವಿಡುವ ಜಾಗದ ಹಿಂದೆ ಒಂದರ ಮೇಲೊಂದು ಹದಿನಾಲ್ಕು ಸೋಪುಗಳಿದ್ದವು.

ನಾನು ಕೈಚೀಲ ತೆಗೆದುಕೊಂಡು ಹದಿನೈದನೆಯದನ್ನು ತರಲು ಹೊರಟೆ.