ಮಹಡಿ ಮೇಲಿನ ಐಸ್ ಕ್ರೀಮ್

ನಲವತ್ತೊಂದು ವರ್ಷದಿಂದ ನಾನು ರೈಲಿನಲ್ಲಿ ಕಿಟಕಿ ಪಕ್ಕ ಕೂತಿಲ್ಲ. ಇದನ್ನು ಯಾರ ಮೇಲೂ ದೂರು ಅಂತ ಹೇಳುತ್ತಿಲ್ಲ. (ಒಬ್ಬರ ಮೇಲೆ ಮಾತ್ರ.) ಮದುವೆಯಾದ ಹೊಸದರಲ್ಲಿ ನಮ್ಮ ಯಜಮಾನರು, ಕಿಟಕಿ ಹತ್ತಿರ ಹೊಗೆ, ಕಿಡಿ, ನಿನ್ನ ಕಣ್ಣಿಗೆ ಬಿದ್ದೀತು, ನಾನೇ ಕೂರುತ್ತೇನೆ ಅಂದರು. ಎಂಥಾ ಗಂಡ ಸಿಕ್ಕಿದ ಅಂತ ನಾನೂ ಹಿಗ್ಗಿ ಹೀರೇಕಾಯಿಯಾದೆ. ಆಮೇಲೆ ರೈಲಿನ ಹೊಗೆ ಹೋಯಿತು, ಕರೆಂಟು ಬಂತು, ಕಿಟಕಿಗೆ ಗಾಜು ಬಂತು. ಇವರು ಮಾತ್ರ ಅಲ್ಲಿಂದ ಎದ್ದಿಲ್ಲ.

ಕೂತು ನೋಡುವುದಾದರೂ ಏನು? ಕಂಬ. ಇವರು ಕರೆಂಟು ಆಫೀಸಿನಲ್ಲಿ ಮೀಟರ್ ಓದುವ ಕೆಲಸದಲ್ಲಿದ್ದವರು. ಮೂವತ್ತೈದು ವರ್ಷ ಮನೆಮನೆಗೆ ಹೋಗಿ, ಮೀಟರ್ ನೋಡಿ, ಅಂಕಿ ಬರೆದುಕೊಂಡು, ಒಂದು ಮಾತೂ ಆಡದೆ ವಾಪಸು ಬಂದವರು. ಆ ಅಭ್ಯಾಸ ಈಗಲೂ ಬಿಟ್ಟಿಲ್ಲ. ಸಾರು ಹೇಗಿದೆ ಅಂದರೆ "ಆರು" ಅನ್ನುತ್ತಾರೆ. ಹತ್ತಕ್ಕೆ ಆರು ಅಂತ ಅರ್ಥ. ನಮ್ಮ ಮನೆಯಲ್ಲಿ ಸಾರಿಗೆ ಏಳು ಬಿದ್ದದ್ದು ಒಂದೇ ಸಲ. ಅವತ್ತು ನನಗೆ ಜ್ವರ, ಅಡುಗೆ ಮಾಡಿದ್ದು ನನ್ನ ನಾದಿನಿ.

ನನ್ನ ಓದು ನಾಲ್ಕನೇ ಕ್ಲಾಸಿಗೇ ನಿಂತಿತು. ಅಕ್ಷರ ಕೂಡಿಸಿ ಕೂಡಿಸಿ ಒಂದು ಬೋರ್ಡು ಓದುವಷ್ಟರಲ್ಲಿ ಬಸ್ಸು ಮೂರು ಬೋರ್ಡು ದಾಟಿರುತ್ತದೆ. ಆದರೆ ಕಣ್ಣಿಗೆ ಬರದ ವಿದ್ಯೆ ಕಿವಿಗೆ ಬಂದಿದೆ. ಹಿಂದಿನ ಸೀಟಿನವರ ಜಗಳ, ಮೂರನೇ ಮನೆ ಸೊಸೆಯ ನಿಟ್ಟುಸಿರು, ಎಲ್ಲವೂ ನನಗೆ ಕೇಳುತ್ತದೆ. ನಾನಾಗಿ ಕೇಳಿಸಿಕೊಳ್ಳುವುದಿಲ್ಲ. ಅದಾಗಿ ಬಂದು ಬೀಳುತ್ತದೆ. ಕಣ್ಣಿಗೆ ರೆಪ್ಪೆ ಇದೆ, ಕಿವಿಗೆ ಎಲ್ಲಿದೆ?

ಹೋದ ತಿಂಗಳು ಇವರ ಪಿಂಚಣಿ ಕಾಗದಕ್ಕೊಂದು ಸಹಿ ಬೇಕಾಗಿ, ಗೊತ್ತಿಲ್ಲದ ಒಂದು ದೊಡ್ಡ ಊರಿಗೆ ಹೊರಟೆವು. ದಾರಿಯ ಸ್ಟೇಷನ್ನಿನಲ್ಲಿ ಎರಡು ಕಪ್ ಐಸ್ ಕ್ರೀಮ್ ತಗೊಂಡರು. ಇವರು ಬಾಯಿಗಿಟ್ಟು "ಮೂರು" ಅಂದರು. ನಾನು ಬಲಗಡೆಯಿಂದ ಮೆಲ್ಲಗೆ ತಿಂದೆ. (ಎಡಗಡೆ ದವಡೆ ಹಲ್ಲು ಎರಡು ವರ್ಷದಿಂದ ಅಲ್ಲಾಡುತ್ತಿದೆ. ಇವರಿಗೆ ಹೇಳಿರಲಿಲ್ಲ. ಇವರು ಇದ್ದಬದ್ದ ಹಲ್ಲೆಲ್ಲ ಕೀಳಿಸಿ, ಮೇಲೆ ಕೆಳಗೆ ಎರಡೂ ಸೆಟ್ಟು ಕಟ್ಟಿಸಿಕೊಂಡಾಗ ನಾನು ಆರು ತಿಂಗಳು ನಕ್ಕಿದ್ದೆ. ನನ್ನವು ಸ್ವಂತದವು, ಹತ್ತೊಂಬತ್ತಿವೆ ಅಂತ ಬಂದವರಿಗೆಲ್ಲ ಹೇಳಿದ್ದೆ. ಈಗ ಯಾವ ಮುಖ ಇಟ್ಟುಕೊಂಡು ಹೇಳಲಿ?)

ಅಲ್ಲಿಂದ ಮಾತು ಹತ್ತಿತು. ಹೊಸ ಊರಿನಲ್ಲಿ ಒಳ್ಳೆಯದು ಎಲ್ಲಿ ಸಿಗುತ್ತೆ ಅಂತ ತಿಳಿಯಬೇಕಾದರೆ ತಿಳಿದವರನ್ನು ವಿಚಾರಿಸಬೇಕು ಅಂದರು ಇವರು. ವಿಚಾರಿಸಿದರೆ ಜನ ತಮ್ಮ ಭಾವಮೈದುನನ ಅಂಗಡಿ ತೋರಿಸುತ್ತಾರೆ, ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವಾಗ ಮಾತ್ರ ನಿಜ ಹೇಳುತ್ತಾರೆ ಅಂದೆ ನಾನು. ಹಾಗಾದರೆ ನೀನು ಕಿವಿಯಿಂದ ಹುಡುಕು, ನಾನು ಬಾಯಿಂದ ಹುಡುಕುತ್ತೇನೆ, ಯಾರದ್ದು ಚೆನ್ನಾಗಿರುತ್ತೋ ನೋಡೋಣ ಅಂದರು.

"ನಾನು ಗೆದ್ದರೆ?" ಅಂದೆ.

"ಏನು ಬೇಕು?"

"ವಾಪಸು ಹೋಗುವಾಗ ಕಿಟಕಿ ಸೀಟು. ಅವತ್ತಿಂದ ಸಾಯೋವರೆಗೂ ನನ್ನದೇ."

ಅವರು ಕಿಟಕಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು, ಹೆಣ್ಣು ಕೊಡುವವರು ಅಳಿಯನನ್ನು ನೋಡುವ ಹಾಗೆ. ಆಮೇಲೆ ಹ್ಞೂಂ ಅಂದರು. ಅಂಕಿ ಹಾಕುವುದು ಅವರೇ ಅಂತ ತೀರ್ಮಾನವಾಯಿತು. ಅದಕ್ಕೆ ನನ್ನ ತಕರಾರಿರಲಿಲ್ಲ. ಸ್ವಂತ ಮಾವನ ಮನೆ ಮೀಟರನ್ನೂ ಇದ್ದದ್ದು ಇದ್ದ ಹಾಗೆ ಬರೆದ ಮನುಷ್ಯ. (ನಮ್ಮಪ್ಪ ಸಾಯುವವರೆಗೂ ಅದನ್ನು ಮರೆಯಲಿಲ್ಲ.)

ಮೊದಲ ದಿನ ಇವರದ್ದು. ಪೊಲೀಸಿನವರು ಹೇಳಿದ ಅಂಗಡಿಗೆ ನಾಲ್ಕು ಬಿತ್ತು. ಲಾಡ್ಜಿನ ಮ್ಯಾನೇಜರು ಹೇಳಿದ್ದಕ್ಕೆ ನಾಲ್ಕೂವರೆ. ಪೋಸ್ಟಾಫೀಸಿನ ಗುಮಾಸ್ತರು ತುಂಬಾ ಯೋಚನೆ ಮಾಡಿ ಕಳಿಸಿದ ಕಡೆ ಐಸ್ ಕ್ರೀಮ್ ಮಾರುವುದು ಬಿಟ್ಟು, ಎರಡು ವರ್ಷದಿಂದ ಚಪ್ಪಲಿ ಮಾರುತ್ತಿದ್ದರು. ಅಂಗಡಿಯವನು ಆ ಗುಮಾಸ್ತರ ಭಾವಮೈದುನ. ನಾನು ಸುಮ್ಮನೆ ಚಪ್ಪಲಿ ನೋಡುತ್ತಾ ನಿಂತೆ.

ಎರಡನೇ ದಿನ ಬೆಳಗ್ಗೆ ಬಸ್ ಸ್ಟಾಪಿನ ಬೆಂಚಿನ ಮೇಲೆ ಹೋಗಿ ಕೂತೆ. ಬೆನ್ನ ಹಿಂದಿನ ಬೆಂಚಿನಲ್ಲಿ ಇಬ್ಬರು ಹೆಂಗಸರು. ಮಕ್ಕಳ ಪರೀಕ್ಷೆ, ಓನರಮ್ಮನ ಕಾಟ, ನಲ್ಲಿ ಸೋರುವುದು, ಎಲ್ಲ ಮುಗಿಯುವವರೆಗೂ ಕಾದೆ. ತಾಳಿದವನು ಬಾಳಿಯಾನು. ಅಷ್ಟರಲ್ಲಿ ಒಬ್ಬಳು ಅಂದಳು:

"ಗಡಿಯಾರದ ಕಂಬದ ಎದುರು, ಮಹಡಿ ಮೇಲೆ. ಎಂಥಾ ಕೈ ಅಂತೀಯಾ ಅವರದ್ದು. ಬಾಯಿಗಿಟ್ಟ ತಕ್ಷಣ ಜುಂ ಅಂತು ನೋಡು, ಆಮೇಲೆ ನಾನು ಎಲ್ಲಿದೀನಿ ಅನ್ನೋದೇ ತಿಳೀಲಿಲ್ಲ. ಬೆಣ್ಣೆಯಿಂದ..."

ಇಲ್ಲಿ ಒಂದು ಲಾರಿ ಹೋಯಿತು. ಲಾರಿ ಹೋದ ಮೇಲೆ ಇನ್ನೊಬ್ಬಳು, ನಮ್ಮತ್ತೆ ಮೊನ್ನೆ ಒಂದೇ ಸಲಕ್ಕೆ ಎರಡು ಮುಗಿಸಿಕೊಂಡು ಬಂದರು, ಇನ್ನೊಂದಕ್ಕೆ ನಾಳೆ ಹೋಗ್ತಾರೆ, ಮೊದಲೇ ಹೆಸರು ಬರೆಸಬೇಕಂತೆ ಅಂದಳು.

ಬೆಣ್ಣೆಯಂತೆ. ಬಾಯಿಗಿಟ್ಟರೆ ಜುಂ ಅಂತಂತೆ. ವಯಸ್ಸಾದ ಅತ್ತೆ ಒಂದು ಸಾಲದೆ ಎರಡು, ಎರಡು ಸಾಲದೆ ಮೂರಂತೆ. ನಾನು ಎದ್ದು ಲಾಡ್ಜಿಗೆ ಓಡಿದ್ದನ್ನು ನೋಡಿದವರಿಗೆ ನನ್ನ ಮಂಡಿನೋವು ಸುಳ್ಳು ಅನ್ನಿಸಿರಬೇಕು.

ಗಡಿಯಾರದ ಎದುರಿನ ಕಟ್ಟಡದಲ್ಲಿ ಕೆಳಗೊಂದು ಅಂಗಡಿ, ಇನ್ನೂ ಅರ್ಧ ಶಟರ್ ಇಳಿದಿತ್ತು. ಪಕ್ಕದಲ್ಲೇ ಮಹಡಿ ಮೆಟ್ಟಿಲು. ಮೆಟ್ಟಿಲ ಹತ್ತಿರ ಒಂದು ಬೋರ್ಡು. ಮೊದಲಕ್ಷರ 'ದ', ಅದರ ಪಕ್ಕ ಸೊನ್ನೆ ಅಂತ ನಾನು ಕೂಡಿಸುತ್ತಿದ್ದೆ. ಇವರು ಬೋರ್ಡನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಆಮೇಲೆ, "ನಡಿ ನಡಿ, ಕ್ಯೂ ಬೆಳೆಯುತ್ತೆ" ಅಂತ ಹತ್ತಿಸಿಯೇ ಬಿಟ್ಟರು.

ಮೇಲೆ ಆರೇಳು ಜನ ಕುರ್ಚಿಯಲ್ಲಿದ್ದರು. ಒಂದು ಪಿಸುಮಾತಿಲ್ಲ. ಎಲ್ಲರೂ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, ತಪಸ್ಸಿಗೆ ಕೂತವರ ಹಾಗೆ ನೆಲ ನೋಡುತ್ತಿದ್ದರು. ಒಬ್ಬರ ಒಂದು ಕೆನ್ನೆ ಉಬ್ಬಿತ್ತು. ಬಾಯಲ್ಲೇ ಇಟ್ಟುಕೊಂಡು ನಿಧಾನವಾಗಿ ಕರಗಿಸುತ್ತಿದ್ದಾರೆ ಅಂದುಕೊಂಡೆ. ಇನ್ನೊಬ್ಬರ ಕಣ್ಣಲ್ಲಿ ನೀರು. ನೋಡಿ, ಕಣ್ಣಲ್ಲಿ ನೀರು ಬರಿಸುತ್ತೆ ಅಂತ ಇವರ ಕಿವಿಯಲ್ಲಿ ಹೇಳಿದೆ. "ಬರಿಸುತ್ತೆ" ಅಂದರು ಇವರು, ಗಂಭೀರವಾಗಿ.

ಬಿಳಿ ಕೋಟು ಹಾಕಿಕೊಂಡ ಹುಡುಗಿಯೊಬ್ಬಳು ಪುಸ್ತಕ ತೆಗೆದು ಕೇಳಿದಳು:

"ಮೇಲಿನದೋ, ಕೆಳಗಿನದೋ?"

ಇಷ್ಟು ಮೆಟ್ಟಿಲು ಹತ್ತಿ ಬಂದಿದ್ದೇವೆ, ಮೇಲಿನದೇ ಇರಲಮ್ಮ ಅಂದೆ. ಎಷ್ಟು ಅಂದಳು. ಸದ್ಯಕ್ಕೆ ಒಂದು ಅಂದೆ. ಸಕ್ಕರೆ ಇದೆಯಾ ಅಂದಳು. ನಮ್ಮ ಮೈಯಲ್ಲಿ ಸಕ್ಕರೆ ಕಾಯಿಲೆ ಇದೆಯಾ ಅಂತ ವಿಚಾರಿಸಿ ಸಿಹಿ ಕೊಡುವ ಇಂಥ ಪುಣ್ಯಾತ್ಮರು ಎಲ್ಲಿದ್ದಾರೆ ಅಂತ ನನಗೆ ಮನಸ್ಸು ತುಂಬಿ ಬಂತು. ಇಲ್ಲ ಅಂದೆ.

"ಬಿಪಿ?"

ನಾನು ಇವರ ಮುಖ ನೋಡಿದೆ. "ಬಾದಾಮಿ ಪಿಸ್ತಾ ಇರಬೇಕು ಕಣೇ" ಅಂದರು. ಸ್ವಲ್ಪ ಇರಲಿ ಅಂದೆ. ಅವಳು ಸ್ವಲ್ಪ ಇದೆ ಅಂತ ಬರೆದುಕೊಂಡಳು.

ಒಳಗೆ ಕರೆದರು. ಇವರು, ಮೊದಲು ನೀನು ಹೋಗು, ನಾನಿಲ್ಲೇ ಇರುತ್ತೇನೆ ಅಂದರು. ಒಳಗಿನ ವೈಭೋಗ ಏನು ಹೇಳಲಿ. ಕೂತರೆ ತಾನಾಗಿ ಮಲಗಿಸುವ ಸಿಂಹಾಸನ, ತಲೆ ಮೇಲೆ ದೀಪ, ಪಕ್ಕದಲ್ಲೇ ಬಾಯಿ ತೊಳೆಯಲು ಪುಟ್ಟ ಬೋಗುಣಿ, ಎದೆಗೊಂದು ಟವಲು. ಬಾಯಿಗೆ ಬಟ್ಟೆ ಕಟ್ಟಿಕೊಂಡ ಒಬ್ಬರು ಬಂದು, ಬಾಯಿ ತೆಗೀರಿ ಅಮ್ಮ ಅಂದರು. ತಿನ್ನಿಸುವುದೂ ಅವರೇ ಅಂತಾಯಿತು. ಹತ್ತಿಯಲ್ಲಿ ಏನೋ ಅದ್ದಿ ವಸಡಿಗೆ ಹಚ್ಚಿದರು. ಸ್ಟ್ರಾಬೆರಿ ವಾಸನೆ. ಇದು ಸ್ಯಾಂಪಲ್ಲು ಅಂದುಕೊಂಡು ಚಪ್ಪರಿಸಿದೆ. ಬಾಯಿ ಜುಂ ಅಂತು. ಆ ಹೆಂಗಸು ಹೇಳಿದ್ದು ಅಕ್ಷರಕ್ಕಕ್ಷರ ನಿಜ.

ಆಗ ಮೇಜಿನ ಮೇಲೆ ಇಟ್ಟಿದ್ದ ಕುಂಬಳಕಾಯಿ ಗಾತ್ರದ ಹಲ್ಲು ಕಣ್ಣಿಗೆ ಬಿತ್ತು. ಪರದೆಯಾಚೆ ಯಾರೋ "ಆ" ಅಂದರು. ಅದು ಐಸ್ ಕ್ರೀಮ್ ತಿಂದವರು ಅನ್ನುವ "ಆ" ಅಲ್ಲ. ಬೆಳಗ್ಗೆ ಲಾರಿ ನುಂಗಿದ ಮಾತು ಆಗ ಹೊಳೆಯಿತು: ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಎದ್ದು ಹೋಗಬಹುದಿತ್ತು. ಆದರೆ ಆಚೆ ಇವರು ಕೂತಿದ್ದಾರೆ. ಇದು ಹಲ್ಲಿನ ಆಸ್ಪತ್ರೆ ರೀ, ನನ್ನ ಕಿವಿ ಮೋಸ ಹೋಯಿತು ಅಂತ ಹೇಳಿದರೆ ಕಿಟಕಿ ಕೈಬಿಟ್ಟ ಹಾಗೆಯೇ.

"ಕೆಳಗಡೆ ಒಂದು ಪೂರ್ತಿ ಅಲ್ಲಾಡ್ತಿದೆಯಲ್ಲ ಅಮ್ಮ, ತೆಗೆದುಬಿಡಲಾ?" ಅಂದರು ಡಾಕ್ಟರು.

ಯೋಚನೆ ಮಾಡಿದೆ. ಹಲ್ಲು ಒಂದು ಹೋದರೂ ಇನ್ನೂ ಹದಿನೆಂಟಿರುತ್ತವೆ. ಕಿಟಕಿ ಇರುವುದು ಒಂದೇ.

"ತೆಗೀರಿ" ಅಂದೆ.

ಆಚೆ ಹೋಗಿ, ಐಸ್ ಕ್ರೀಮ್ ಅಮೃತದ ಹಾಗಿತ್ತು, ನನ್ನದೇ ಕೊನೆಯ ಕಪ್ಪು, ಖಾಲಿಯಾಯಿತು ಅಂತ ಹೇಳುವುದು ಅಂತ ಸೂಜಿ ಚುಚ್ಚುವಾಗಲೇ ಮಾತು ಹೊಂದಿಸಿಕೊಂಡೆ. ಆದರೆ ಆಚೆ ಬರುವಾಗ ಬಾಯಿ ತುಂಬ ಹತ್ತಿ, ನಾಲಿಗೆ ಯಾರದೋ. "ಅವ್ವುತ" ಅಂತ ಏನೋ ಬಂತು. ಹಿಂದೆಯೇ ಡಾಕ್ಟರು ಬಂದು ಇವರಿಗೆ ಹೇಳಿದರು: ಎರಡು ದಿನ ಎಡಗೆನ್ನೆಗೆ ಗಾಳಿ ಬಡಿಯಬಾರದು. ಅರ್ಧ ಗಂಟೆ ಬಿಟ್ಟು ಹತ್ತಿ ತೆಗೆದು ಐಸ್ ಕ್ರೀಮ್ ತಿನ್ನಿಸಿ, ರಕ್ತ ನಿಲ್ಲುತ್ತೆ. ಕೆಳಗಿನ ಅಂಗಡಿಯದೇ ತಿನ್ನಿಸಿ, ಈ ಊರಿನಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ.

ಇವರು ಒಂದಿಷ್ಟೂ ಬೆರಗಾಗಲಿಲ್ಲ. ಹಲ್ಲಿನ ಪೊಟ್ಟಣ ಇಸಿದುಕೊಂಡು ಜೇಬಿಗೆ ಹಾಕಿ, "ಹಳೇ ರೀಡಿಂಗು ಹತ್ತೊಂಬತ್ತು, ಹೊಸದು ಹದಿನೆಂಟು" ಅಂದರು.

ಮೆಟ್ಟಿಲ ಮೇಲೆ ನಿಲ್ಲಿಸಿ, ನಿಮಗೆ ಮೊದಲೇ ಗೊತ್ತಿತ್ತಾ ಅಂತ ಕೈಸನ್ನೆಯಲ್ಲೇ ಕೇಳಿದೆ.

"ಬೋರ್ಡು ಓದಿದ್ದೆ ಕಣೇ. ಎರಡು ವರ್ಷದಿಂದ ನೀನು ಬಲಗಡೆ ಒಂದರಲ್ಲೇ ಅಗೀತಿದೀಯ. ಮೊದಲು ನೀನು ತಿನ್ನೋ ಸದ್ದು ಎರಡೂ ಕಡೆಯಿಂದ ಬರ್ತಿತ್ತು. ಕೀಳಿಸು ಅಂದಿದ್ದರೆ ನೀನು ಬರ್ತಿದ್ದೆಯಾ?"

ಊರವರ ಮನೆ ಮಾತೆಲ್ಲ ಕೇಳಿಸಿಕೊಂಡ ನನಗೆ, ಪಕ್ಕದಲ್ಲೇ ಇನ್ನೊಂದು ಕಿವಿ ಕೂತಿರುವುದು ನಲವತ್ತೊಂದು ವರ್ಷ ತಿಳಿದಿರಲಿಲ್ಲ.

ಕೆಳಗಿನ ಅಂಗಡಿ ತೆರೆದಿತ್ತು. ಎರಡು ಕಪ್ಪು ಬಂದವು. ನಾನು ಚಮಚ ಬಾಯಿಗಿಟ್ಟೆ. ಸಿಹಿಯಿಲ್ಲ, ಸಪ್ಪೆಯಿಲ್ಲ, ಗೋಡೆಗೆ ಸುಣ್ಣ ಬಳಿದ ಹಾಗೆ. ಅರ್ಧ ಒಳಗೆ ಹೋಯಿತು, ಅರ್ಧ ಗಲ್ಲಕ್ಕಿಳಿಯಿತು. ಇವರು ಒಂದು ಚಮಚ ತಿಂದು ಕಣ್ಣು ಮುಚ್ಚಿದರು. ಜೇಬಿನಿಂದ ಅಂಕಿ ಬರೆಯುವ ಪುಸ್ತಕ ತೆಗೆದು ಏನೋ ಬರೆದರು, ಹೊಡೆದು ಹಾಕಿದರು, ಮತ್ತೆ ಬರೆದರು. ಒಂಬತ್ತೂವರೆ. ನಮ್ಮ ಮನೆಯ ಚರಿತ್ರೆಯಲ್ಲಿ ಯಾವ ಪದಾರ್ಥಕ್ಕೂ ಬೀಳದ ಅಂಕಿ.

"ಎಂಗಿದೆ?" ಅಂದೆ, ಹೊರಳದ ನಾಲಿಗೆಯಲ್ಲಿ. ಬಾಯಿಗೆ ಬರದ್ದು ಕಿವಿಗಾದರೂ ಬರಲಿ ಅಂತ ಆಸೆ.

ತುಂಬಾ ಹೊತ್ತು ಯೋಚನೆ ಮಾಡಿದರು. "ತಣ್ಣಗಿದೆ" ಅಂದರು.

ಇನ್ನೂ ಹೇಳಿ ಅಂತ ಕೈ ಆಡಿಸಿದೆ. "ಬೆಳ್ಳಗಿದೆ" ಅಂದು, ನನ್ನ ಕಪ್ಪನ್ನೂ ತಮ್ಮ ಕಡೆ ಎಳೆದುಕೊಂಡರು.

ಪಿಂಚಣಿ ಕಾಗದಕ್ಕೆ ಸಹಿ ಹಾಕಿಸಿಕೊಂಡು ವಾಪಸು ಹೊರಟ ರೈಲಿನಲ್ಲಿ ಮಾತ್ರ ಇವರು ಮಾತಿಗೆ ತಪ್ಪಲಿಲ್ಲ. ನಿನ್ನ ಕಿವಿಯೇ ಆ ಕಟ್ಟಡಕ್ಕೆ ಕರಕೊಂಡು ಹೋದದ್ದು, ಒಂದು ಮಹಡಿ ಹೆಚ್ಚುಕಮ್ಮಿಯಾಯಿತು ಅಷ್ಟೆ, ಕೂತ್ಕೋ ಅಂದರು. ಕೂತೆ. ಗಾಜು ಅರ್ಧಕ್ಕೇ ಸಿಕ್ಕಿಕೊಂಡಿತ್ತು, ಕೆಳಗಿಳಿಯಲಿಲ್ಲ. ರೈಲು ಹೊರಟಿದ್ದೇ ತಡ ಗಾಳಿ ನೇರವಾಗಿ ಎಡಗೆನ್ನೆಗೆ ಬಂದು ಬಡಿಯಿತು. "ಡಾಕ್ಟರು ಹೇಳಿದ್ದಾರೆ, ಇತ್ಲಾಗೆ ಬಾ" ಅಂತ ಇವರು ಮತ್ತೆ ಕಿಟಕಿಗೆ ಹೋದರು. ನಾನು ಶಾಲು ಸುತ್ತಿಕೊಂಡು ಒಳಗೆ ಕೂತೆ. ಇನ್ನೇನು ಮಾಡಲಿ, ಆಚೆ ಏನೇನು ಕಾಣುತ್ತೆ ನೀವೇ ಹೇಳುತ್ತಾ ಬನ್ನಿ ಅಂದೆ.

"ಕಂಬ" ಅಂದರು.

ಸ್ವಲ್ಪ ಹೊತ್ತಾದ ಮೇಲೆ, "ಇನ್ನೊಂದು ಕಂಬ" ಅಂದರು.

ನೂರಾ ಹನ್ನೆರಡರವರೆಗೆ ಕೇಳಿದೆ, ಆಮೇಲೆ ನಿದ್ದೆ ಹತ್ತಿತು. ಎಚ್ಚರವಾದಾಗ, ನೀನು ಮಲಗಿದ್ದಾಗ ದೊಡ್ಡದೊಂದು ನದಿ ಬಂದಿತ್ತು ಅಂದರು. ಹೇಗಿತ್ತು ಅಂದೆ.

"ಏಳು" ಅಂದರು.

ಏಳು. ನನ್ನ ಸಾರಿಗೆ ಈ ಜನ್ಮದಲ್ಲಿ ಬೀಳದ ಏಳು ನದಿಗೆ ಬಿತ್ತೇ, ಹಾಗಾದರೆ ಎಂಥಾ ನದಿಯಿರಬೇಕು ಅಂತ ಕಣ್ಣು ಮುಚ್ಚಿ ಅದನ್ನೇ ನೋಡುತ್ತಾ ಕೂತೆ. ಮತ್ತೊಮ್ಮೆ ದೂರದಿಂದ "ಏಳು" ಅಂದ ಹಾಗಾಯಿತು. ಎಷ್ಟು ಸಲ ಹೇಳ್ತೀರಿ, ಕೇಳಿಸಿತು ಅಂದೆ.

ಕಣ್ಣು ಬಿಟ್ಟಾಗ ಪಕ್ಕ ಖಾಲಿ. ರೈಲು ಹೊರಟಿತ್ತು. ಸರಿದು ಆಚೆ ನೋಡಿದೆ. ನಮ್ಮೂರ ಸ್ಟೇಷನ್ನು ಹಿಂದೆ ಹಿಂದೆ ಹೋಗುತ್ತಿತ್ತು. ಪ್ಲಾಟ್‌ಫಾರ್ಮಿನಲ್ಲಿ ಒಂದು ಕಂಬ, ಕಂಬದ ಪಕ್ಕ ನಮ್ಮ ಯಜಮಾನರು. ಚೀಲ ಅವರ ಕೈಯಲ್ಲಿ, ಟಿಕೆಟ್ಟೂ ನನ್ನ ಹಲ್ಲೂ ಅವರ ಜೇಬಿನಲ್ಲಿ. ನನ್ನ ಹತ್ತಿರ ಇದ್ದದ್ದು ಕಿಟಕಿ ಒಂದೇ.